ಅಧ್ಯಕ್ಷರಿಗಷ್ಟೇ ತರಬೇತಿ ಸಾಲದು, ಹಾಲು ಹಾಕುವವರಿಗೂ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾಯಕತ್ವದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ಬಿಡದೆ ಓದುತ್ತೇನೆ. ಸಂಸ್ಥೆ ನಡೆಸುವವರಲ್ಲಿ ಏನೇನು ಗುಣ ಇರಬೇಕು, ಕೈಕೆಳಗಿನವರನ್ನು ಹೇಗೆ ಹುರಿದುಂಬಿಸಬೇಕು, ಗಟ್ಟಿ ನಿರ್ಧಾರ ಹೇಗೆ ತೆಗೆದುಕೊಳ್ಳಬೇಕು ಎಂದೆಲ್ಲ ಬರೆಯುತ್ತಾರೆ. ಒಪ್ಪುವ ಮಾತುಗಳೇ. ಆದರೆ ಮುಂದೆ ನಡೆಯುವವರ ಬಗ್ಗೆ ಪುಟಗಟ್ಟಲೆ ಬರೆಯುವವರು ಹಿಂದೆ ಬರುವವರ ಬಗ್ಗೆ ಬರೆಯುವುದು ಬಹಳ ಕಡಿಮೆ. ಅವರು ಏನು ನೋಡಿ ನಂಬುತ್ತಾರೆ, ಯಾವಾಗ ನಂಬಿಕೆ ಬಿಡುತ್ತಾರೆ, ಯಾಕೆ ಬಾಯಿ ಮುಚ್ಚಿಕೊಂಡು ಸುಮ್ಮನಾಗುತ್ತಾರೆ ಎಂಬುದನ್ನು ಯಾರೂ ಕೇಳುವುದಿಲ್ಲ. ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿ ದುಡಿದು ನಿವೃತ್ತಿಯಾದವಳು. ಬೆಳಗ್ಗೆ ಆರಕ್ಕೆ ಡೇರಿ ಬಾಗಿಲು ತೆಗೆದು, ಸಂಜೆ ಹಾಲಿನ ಗಾಡಿ ಹೋದ ಮೇಲೆ ಕ್ಯಾನು ತೊಳೆಸಿ ಬಾಗಿಲು ಹಾಕುವುದು ನನ್ನ ಕೆಲಸ. ಆ ಬಾಗಿಲಲ್ಲಿ ನಿಂತು ಹಲವು ಅಧ್ಯಕ್ಷರನ್ನು ನೋಡಿದ್ದೇನೆ. ಅವರಿಗಿಂತ ಹೆಚ್ಚಾಗಿ, ಅವರ ಮುಂದೆ ಸಾಲಿನಲ್ಲಿ ನಿಂತ ಹೆಂಗಸರನ್ನು ನೋಡಿದ್ದೇನೆ. ಅವರ ಪರವಾಗಿ ಈ ಕಾಗದ.

ಕಂಪನಿಯಲ್ಲಿ ಮೇಲಿನವರು ಸಂಬಳ ಕೊಡುತ್ತಾರೆ, ಕೆಳಗಿನವರು ಮಾತು ಕೇಳುತ್ತಾರೆ. ಸಹಕಾರ ಸಂಘದ ಲೆಕ್ಕ ಬೇರೆ. ಇಲ್ಲಿ ಹಿಂದೆ ಬರುವವರೇ ಮಾಲೀಕರು. ಒಂದೇ ಹಸು ಕಟ್ಟಿಕೊಂಡ ವಿಧವೆಗೂ, ಕೊಟ್ಟಿಗೆ ತುಂಬ ಸೀಮೆಹಸು ಇರುವ ಮನೆಯವಳಿಗೂ ಒಂದೇ ಮತ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನೇಕಾರರೂ ಇತರ ಕಸುಬಿನವರೂ ಸೇರಿ 1844ರಲ್ಲಿ ಅಂಗಡಿ ತೆರೆದಾಗ ಇಟ್ಟುಕೊಂಡ ನಿಯಮ ಇದು. ನಮ್ಮ ನಾಡಿಗೂ ಇದು ಹೊಸದಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಶುರುವಾಗಿ, 1984ರಲ್ಲಿ ಅದೇ ಕೆಎಂಎಫ್, ಎಂದರೆ ಕರ್ನಾಟಕ ಹಾಲು ಮಹಾಮಂಡಳ ಆಯಿತು. ಹಳ್ಳಿಗೆ ಸಂಘ, ಜಿಲ್ಲೆಗೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ. ಮೂರು ಹಂತ ಇದ್ದರೂ ಬುಡದಲ್ಲಿ ಇರುವುದು ಹಾಲು ಕರೆದು ತರುವ ಹೆಂಗಸು. ಸಂಘದ ಅಧ್ಯಕ್ಷೆ ಅವಳ ಪ್ರತಿನಿಧಿ, ಕಾರ್ಯದರ್ಶಿ ಅವಳ ನೌಕರಳು. ಹಾಗಿರುವಾಗ ಅವಳು ಡೇರಿಗೆ ಬಂದು, ಹಾಲಿನ ಬೆಲೆಗೆ ಆಧಾರವಾದ ಕೊಬ್ಬಿನ ಅಂಶದ ಬಗ್ಗೆ ‘ನನ್ನ ಹಾಲಿಗೆ ಫ್ಯಾಟ್ ಎಷ್ಟು ಬಂತು?’ ಎಂದು ಕೇಳಲು ಯಾಕೆ ಹೆದರಬೇಕು? ನನ್ನ ಕಾಲದುದ್ದಕ್ಕೂ ನನ್ನನ್ನು ಕಾಡಿದ ಪ್ರಶ್ನೆ ಇದು.

ಕಾರ್ಯದರ್ಶಿಗಳ ತರಬೇತಿಯೊಂದರಲ್ಲಿ ನಮಗೆ ನಾಯಕತ್ವದ ಮೂರು ಬಗೆ ಹೇಳಿಕೊಟ್ಟಿದ್ದರು. ತಾನು ಹೇಳಿದ್ದೇ ನಡೆಯಬೇಕು ಎನ್ನುವವರು, ಎಲ್ಲರನ್ನೂ ಕೇಳಿ ನಡೆಸುವವರು, ಯಾವುದಕ್ಕೂ ಕೈ ಹಾಕದೆ ಬಿಟ್ಟುಬಿಡುವವರು. ಹಿಟ್ಲರನ ಜರ್ಮನಿ ಬಿಟ್ಟು ಅಮೆರಿಕ ಸೇರಿದ ಕುರ್ಟ್ ಲೆವಿನ್ ಎಂಬ ವಿದ್ವಾಂಸರು ತಮ್ಮ ಸಂಗಡಿಗರಾದ ಲಿಪ್ಪಿಟ್, ವೈಟ್ ಅವರೊಡನೆ ಸಣ್ಣ ಹುಡುಗರ ಗುಂಪುಗಳನ್ನಿಟ್ಟುಕೊಂಡು ಮಾಡಿದ ಪ್ರಯೋಗ ಅದು. 1939ರಲ್ಲಿ ಪ್ರಕಟವಾಯಿತಂತೆ. ಅದರಲ್ಲಿ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿಯಿತು. ಅಬ್ಬರದ ನಾಯಕ ಕೋಣೆಯಲ್ಲಿ ಇರುವಷ್ಟು ಹೊತ್ತು ಹುಡುಗರು ಚೆನ್ನಾಗಿ ಕೆಲಸ ಮಾಡುತ್ತಿದ್ದರು, ಅವನು ಆಚೆ ಹೋದ ಕೂಡಲೇ ಕೆಲಸ ನಿಲ್ಲುತ್ತಿತ್ತು. ಎಲ್ಲರನ್ನೂ ಕೇಳಿ ನಡೆಸುವ ನಾಯಕ ಆಚೆ ಹೋದರೂ ಹುಡುಗರ ಕೈ ನಿಲ್ಲುತ್ತಿರಲಿಲ್ಲ. ಡೇರಿಗೂ ಈ ಪರೀಕ್ಷೆ ಸರಿಹೊಂದುತ್ತದೆ. ಅಧ್ಯಕ್ಷರು ಊರಲ್ಲಿಲ್ಲದ ದಿನ ಸಾಲು ಹೇಗಿರುತ್ತದೆ, ಅಳತೆ ಹೇಗಿರುತ್ತದೆ ನೋಡಿದರೆ ಅವರು ಎಂಥ ಅಧ್ಯಕ್ಷರು ಎಂದು ತಿಳಿಯುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಇದ್ದ ಅಧ್ಯಕ್ಷೆ ಓದು ಬರಹ ಬಾರದ ಹಿರಿಯರು. ಠರಾವು ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ನಾವೆಲ್ಲ ಅವರನ್ನು ‘ಅವ್ವ’ ಎನ್ನುತ್ತಿದ್ದೆವು, ಅವರು ನನ್ನನ್ನು ‘ಸೆಕ್ರೆಟ್ರಮ್ಮ’ ಎನ್ನುತ್ತಿದ್ದರು. ಆಗ ಇಂದಿನ ಹಾಗೆ ಹಾಲಿಟ್ಟ ಕೂಡಲೇ ಅಂಕಿ ತೋರಿಸುವ ಯಂತ್ರ ಇರಲಿಲ್ಲ. ಒಬ್ಬೊಬ್ಬರ ಹಾಲಿನಿಂದಲೂ ಸಣ್ಣ ಬಾಟಲಿಗೆ ಸ್ಯಾಂಪಲ್ ತೆಗೆದಿಟ್ಟು, ಎಲ್ಲರೂ ಮನೆಗೆ ಹೋದ ಮೇಲೆ ಆಸಿಡ್ ಹಾಕಿ, ಕೈಯಲ್ಲಿ ತಿರುಗಿಸುವ ಯಂತ್ರದಲ್ಲಿಟ್ಟು ಫ್ಯಾಟ್ ನೋಡಬೇಕಿತ್ತು. ಹಾಲು ಹಾಕಿದವಳು ಕೊಟ್ಟಿಗೆಯಲ್ಲಿ, ಅವಳ ಹಾಲಿನ ಗುಣ ನಿರ್ಧಾರವಾಗುವುದು ಡೇರಿಯೊಳಗೆ. ಅನುಮಾನ ಹುಟ್ಟಲು ಇನ್ನೇನು ಬೇಕು? ‘ನನ್ನ ಹಸುವಿಗೆ ಹಿಂಡಿ ಬೂಸಾ ಎಲ್ಲ ಹಾಕ್ತೀನಿ, ಫ್ಯಾಟು ಮಾತ್ರ ಮೂರು ದಾಟಲ್ಲ, ಬರೆಯೋರ ಕೈಯಲ್ಲಿ ಏನೋ ಐತೆ’ ಎಂದು ಒಬ್ಬಾಕೆ ಬಾವಿಕಟ್ಟೆಯಲ್ಲಿ ಹೇಳಿಕೊಂಡು ಬಂದಳು. ಮಾತು ನನ್ನ ಮೇಲೆಯೇ.

ಬೇರೆ ಅಧ್ಯಕ್ಷರಾಗಿದ್ದರೆ ಅವಳನ್ನು ಕರೆಸಿ ಗದರಿಸುತ್ತಿದ್ದರು, ಇಲ್ಲವೇ ನನ್ನನ್ನೇ ಬದಲಿಸುತ್ತಿದ್ದರು. ಅವ್ವ ಎರಡನ್ನೂ ಮಾಡಲಿಲ್ಲ. ಸಂಜೆ ಸಾಲಿನ ಮುಂದೆ ನಿಂತು, ‘ಅನುಮಾನ ಇರೋರು ನಾಳೆ ಬೆಳಗ್ಗೆ ನಿಂತು ಟೆಸ್ಟ್ ನೋಡಿ. ಮೊದಲ ಸರದಿ ಇವಳದೇ’ ಎಂದು ಮಾತಾಡಿದವಳ ಕೈಯನ್ನೇ ಹಿಡಿದುಕೊಂಡರು. ಅಂದಿನಿಂದ ದಿನಕ್ಕೆ ಇಬ್ಬರು ಸದಸ್ಯೆಯರು ಸರದಿಯ ಮೇಲೆ ಟೆಸ್ಟ್ ಮುಗಿಯುವವರೆಗೆ ನನ್ನ ಪಕ್ಕದಲ್ಲಿ ಕೂರುವ ಪದ್ಧತಿ ಬಂತು. ಅನುಮಾನಪಟ್ಟಾಕೆ ಆಸಿಡ್ಡಿನ ಘಾಟಿಗೆ ಸೆರಗು ಮೂಗಿಗೆ ಹಿಡಿದು ಕೂತು, ಕೊಳವೆಯಲ್ಲಿ ಕೊಬ್ಬು ಮೇಲೇರಿ ನಿಲ್ಲುವ ಗೆರೆಯನ್ನು ತಾನೇ ಓದಲು ಕಲಿತಳು. ಅವಳ ಹಸುವಿಗೆ ಹಸಿರು ಮೇವು ಹೆಚ್ಚಾಗಿ ಒಣಮೇವು ಕಡಿಮೆ ಬೀಳುತ್ತಿತ್ತು ಎಂದು ಆಮೇಲೆ ಪಶುವೈದ್ಯರಿಂದ ತಿಳಿಯಿತು. ನಾರಿನ ಮೇವು ಕಡಿಮೆಯಾದರೆ ಹಾಲಿನ ಕೊಬ್ಬು ಇಳಿಯುತ್ತದೆ. ಅದನ್ನು ಊರಿನ ಹತ್ತಾರು ಹೆಂಗಸರಿಗೆ ತಿಳಿಹೇಳಿದವಳು ನಾನಲ್ಲ, ಅವಳು. ಮುಂದಿನ ಚುನಾವಣೆಯಲ್ಲಿ ಅವ್ವನೇ ಅವಳನ್ನು ನಿರ್ದೇಶಕಿಯಾಗಿ ನಿಲ್ಲಿಸಿದರು.

ಇನ್ನೊಂದು ದಿನ ಅವ್ವನ ಮನೆಯ ಹಾಲಿಗೇ, ನೀರು ಬೆರೆತಿದೆಯೇ ಎಂದು ತೋರಿಸುವ ಲ್ಯಾಕ್ಟೋಮೀಟರ್ ಹಾಕಿದಾಗ ಡಿಗ್ರಿ ಕಡಿಮೆ ಬಂತು. ಮೊಮ್ಮಗ ತಂದಿದ್ದ ಹಾಲು. ದಾರಿಯಲ್ಲಿ ಏನು ಮಾಡಿದ್ದನೋ. ನಾನು ತಡವರಿಸಿ ಅವ್ವನ ಮುಖ ನೋಡಿದೆ. ಸಾಲಿನಲ್ಲಿದ್ದ ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ‘ಬೇರೆಯವರ ಹಾಲಾಗಿದ್ರೆ ಏನು ಮಾಡ್ತಿದ್ದೆ? ಅದನ್ನೇ ಮಾಡು’ ಎಂದರು. ಹಾಲು ವಾಪಸ್ ಹೋಯಿತು. ಆ ವಾರ ಊರಿನ ಹಾಲಿನಲ್ಲಿ ನೀರಿನ ದೂರು ಬರಲಿಲ್ಲ. ಯಾರಿಗೂ ನೋಟಿಸ್ ಕೊಟ್ಟಿರಲಿಲ್ಲ, ಸಭೆ ಕರೆದಿರಲಿಲ್ಲ.

ಸಾಲಿನ ಬಗ್ಗೆಯೂ ಹೇಳಬೇಕು. ಹಳ್ಳಿಯಲ್ಲಿ ಒಂದೇ ಸಾಲಿನಲ್ಲಿ ಎಲ್ಲ ಜಾತಿಯವರೂ ನಿಲ್ಲುವ ಜಾಗ ಹೆಚ್ಚಿಲ್ಲ. ಡೇರಿಯಲ್ಲಿ ಮೊದಲು ಬಂದವರು ಮೊದಲು ನಿಲ್ಲುತ್ತಾರೆ, ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಕೇರಿಯ ಹೆಂಗಸರು ಮೊದಮೊದಲು ಹಿಂದೆಯೇ ನಿಲ್ಲುತ್ತಿದ್ದರು, ಬೇಗ ಬಂದರೂ ಬೇರೆಯವರಿಗೆ ಜಾಗ ಬಿಡುತ್ತಿದ್ದರು. ಅವ್ವ ಇದರ ಬಗ್ಗೆ ಭಾಷಣ ಮಾಡಲಿಲ್ಲ. ತಾವು ತಡವಾಗಿ ಬಂದ ದಿನ ಕೇರಿಯ ಹೆಂಗಸರ ಹಿಂದೆಯೇ ಹೋಗಿ ನಿಂತುಕೊಂಡರು. ‘ಮುಂದೆ ಬನ್ನಿ ಅವ್ವ’ ಎಂದು ಯಾರು ಕರೆದರೂ ಹೋಗಲಿಲ್ಲ. ಅದಾದ ಮೇಲೆ ಸಾಲು ಮುರಿಯಲು ಯಾರಿಗೂ ಧೈರ್ಯ ಬರಲಿಲ್ಲ.

ಹಾಗೆಂದು ಅವರು ಎಲ್ಲವನ್ನೂ ಎಲ್ಲರನ್ನೂ ಕೇಳಿಯೇ ಮಾಡುತ್ತಿದ್ದರು ಎಂದಲ್ಲ. 2013ರಲ್ಲಿ ದಕ್ಷಿಣ ಕರ್ನಾಟಕದಲ್ಲೆಲ್ಲ ಕಾಲುಬಾಯಿ ಜ್ವರ ಬಂದು ಸಾವಿರಾರು ರಾಸುಗಳು ಸತ್ತದ್ದು ಓದುಗರಿಗೆ ನೆನಪಿರಬಹುದು. ಪಕ್ಕದ ಊರಿಗೆ ಬಂದಿದೆ ಎಂಬ ಸುದ್ದಿ ತಿಳಿದ ರಾತ್ರಿಯೇ ಅವರು ಮನೆಮನೆಗೆ ಹೇಳಿ ಕಳಿಸಿದರು. ಯಾರೂ ದನ ಕೆರೆಗೆ ಬಿಡಕೂಡದು, ಸಂತೆಗೆ ಹೊಡೆಯಕೂಡದು, ಹೊರಗಿಂದ ದನ ತರಕೂಡದು, ಕೊಟ್ಟಿಗೆ ಬಾಗಿಲಲ್ಲಿ ವಾಷಿಂಗ್ ಸೋಡಾ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಬೇಕು, ಜ್ವರ ಕಂಡ ಮನೆಯ ಹಾಲು ಡೇರಿಗೆ ಬರಕೂಡದು. ಸಭೆಯೂ ಇಲ್ಲ, ಚರ್ಚೆಯೂ ಇಲ್ಲ. ಶುದ್ಧ ಅಪ್ಪಣೆ. ಹಾಲು ನಿಂತ ಮನೆಗೆ ಆ ಸಲದ ಬಟವಾಡೆ ಇಲ್ಲವಾಗುತ್ತದೆ, ಅದು ಸಣ್ಣ ಮಾತಲ್ಲ. ಆದರೂ ಒಬ್ಬರೂ ಎದುರಾಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಬಟವಾಡೆಯ ದಿನ ಲೆಕ್ಕವನ್ನು ಗಟ್ಟಿಯಾಗಿ ಓದಿಸುತ್ತಿದ್ದವರು, ತಮ್ಮ ಮನೆಯ ಹಾಲನ್ನು ವಾಪಸ್ ಕಳಿಸಿದವರು ಹೇಳಿದ ಮಾತಾದ್ದರಿಂದ ಅದು ನಡೆಯಿತು. ಅದೇ ಅಪ್ಪಣೆ ಬೇರೊಬ್ಬರ ಬಾಯಿಂದ ಬಂದಿದ್ದರೆ, ರಾತ್ರೋರಾತ್ರಿ ದನಗಳನ್ನು ಸಂತೆಗೆ ಹೊಡೆದು ಮಾರಿಬಿಡುತ್ತಿದ್ದರು. ತರಬೇತಿಯಲ್ಲಿ ಹೇಳಿಕೊಟ್ಟ ಮೂರು ಬಗೆಗಳಲ್ಲಿ ಅವ್ವ ಯಾವ ಬಗೆಗೆ ಸೇರುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಆಗುವುದಿಲ್ಲ. ದಿನಕ್ಕೆ ತಕ್ಕಂತೆ ಅವರ ರೀತಿ ಬದಲಾಗುತ್ತಿತ್ತು. ಬದಲಾಗದೆ ಇದ್ದದ್ದು ಒಂದೇ, ಅವರನ್ನು ಯಾರು ಬೇಕಾದರೂ ಪ್ರಶ್ನೆ ಕೇಳಬಹುದಿತ್ತು.

ಹಾಲಿನ ಸಹಕಾರ ಎಂದರೆ ಎಲ್ಲರೂ ಗುಜರಾತಿನ ಆನಂದ್ ಊರಿನಲ್ಲಿ ಅಮುಲ್ ಬೆಳೆಸಿದ ಕುರಿಯನ್ ಅವರ ಹೆಸರು ಹೇಳುತ್ತಾರೆ. ಹೇಳಬೇಕಾದದ್ದೇ. ಆದರೆ ಆನಂದ್‌ನ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸುವವರು ತ್ರಿಭುವನದಾಸ ಪಟೇಲರು. 1946ರಲ್ಲಿ ಖೇಡಾ ಜಿಲ್ಲೆಯ ರೈತರು ಪೋಲ್ಸನ್ ಕಂಪನಿಗೆ ಹಾಲು ಹಾಕುವುದಿಲ್ಲ ಎಂದು ಹಟ ಹಿಡಿದು ನಿಂತಾಗ ಊರೂರು ಸುತ್ತಿ ಸಂಘ ಕಟ್ಟಿದವರು ಅವರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. 1949ರಲ್ಲಿ ಸರ್ಕಾರಿ ನೌಕರಿಗೆಂದು ಆನಂದ್‌ಗೆ ಬಂದ ಕೇರಳದ ಯುವ ಎಂಜಿನಿಯರ್ ಕುರಿಯನ್ ಅಲ್ಲಿಂದ ಹೊರಟು ನಿಂತಾಗ, ಸಂಘದ ಯಂತ್ರ ಸರಿಪಡಿಸಿಕೊಡಲು ಕೇಳಿಕೊಂಡು ಉಳಿಸಿಕೊಂಡವರು. ಆಮೇಲೆ ಇಬ್ಬರೂ ಕೆಲಸ ಹಂಚಿಕೊಂಡ ರೀತಿ ನೋಡಿ. ರೈತರ ಮಾತು, ಊರಿನ ಜಗಳ, ರಾಜಕೀಯದವರ ಒತ್ತಡ ಪಟೇಲರ ಹೆಗಲಿಗೆ. ಯಂತ್ರ, ಮಾರುಕಟ್ಟೆ, ನೌಕರರು ಕುರಿಯನ್ ಅವರ ಹೆಗಲಿಗೆ. ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ಹೊರದೇಶದ ತಜ್ಞರು ಹೇಳುತ್ತಿದ್ದ ಕಾಲದಲ್ಲಿ ಅದನ್ನು ಮಾಡಿ ತೋರಿಸಿದ ದಲಾಯ ಅವರಿಗೆ ಕುರಿಯನ್ ಜಾಗ ಬಿಟ್ಟುಕೊಟ್ಟರು. ಯಾರೂ ಇನ್ನೊಬ್ಬರ ಕುರ್ಚಿಗೆ ಕೈ ಹಾಕಲಿಲ್ಲ. ಚುನಾಯಿತ ಅಧ್ಯಕ್ಷರು ನೌಕರನ ಕೆಲಸದಲ್ಲಿ ದಿನವೂ ಮೂಗು ತೂರಿಸಿದ್ದರೆ, ನೌಕರ ಅಧ್ಯಕ್ಷರನ್ನು ಹೆಸರಿಗೆ ಮಾತ್ರ ಇಟ್ಟುಕೊಂಡಿದ್ದರೆ, ಇವತ್ತು ಅಮುಲ್ ಇರುತ್ತಿರಲಿಲ್ಲ ಎಂದು ನನ್ನ ನಂಬಿಕೆ. 1963ರ ಮ್ಯಾಗ್ಸೆಸೆ ಪ್ರಶಸ್ತಿ ಇಬ್ಬರಿಗೂ ಒಟ್ಟಿಗೆ ಬಂತು, ಮುಂಬಯಿಯ ದಾರಾ ಖುರೋಡಿ ಅವರೂ ಜೊತೆಗಿದ್ದರು.

ಅಧಿಕಾರ ಬಿಡುವ ವಿಷಯದಲ್ಲಿ ಮಾತ್ರ ಇಬ್ಬರ ದಾರಿ ಬೇರೆಯಾಯಿತು. ಪಟೇಲರು 1970ರ ದಶಕದಲ್ಲಿ ತಾವಾಗಿ ಅಧ್ಯಕ್ಷಗಿರಿ ಬಿಟ್ಟು ಹಳ್ಳಿಗಳ ಆರೋಗ್ಯದ ಕೆಲಸಕ್ಕೆ ಹೊರಟರು. ಕುರಿಯನ್ ಅವರು 1973ರಿಂದ ಗುಜರಾತ್ ಹಾಲು ಮಾರಾಟ ಮಹಾಮಂಡಳದ ಅಧ್ಯಕ್ಷರಾಗಿ ಮೂರು ದಶಕ ದಾಟಿ, 2006ರಲ್ಲಿ ನಿರ್ದೇಶಕರ ವಿರೋಧದ ನಡುವೆ ರಾಜೀನಾಮೆ ಕೊಡಬೇಕಾಯಿತು. ಅವರು ದೇಶಕ್ಕೆ ಮಾಡಿದ ಉಪಕಾರ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಎಷ್ಟು ದೊಡ್ಡವರಾದರೂ ಸರಿ, ಬಹಳ ಕಾಲ ಒಂದೇ ಕುರ್ಚಿಯಲ್ಲಿ ಕೂತರೆ ಜೊತೆಗಿದ್ದವರೇ ಎದುರು ನಿಲ್ಲುತ್ತಾರೆ. ನಮ್ಮ ಹಳ್ಳಿ ಸಂಘಗಳಲ್ಲಿ ಒಂದೇ ಮನೆಯವರು ಅವಧಿಯ ಮೇಲೆ ಅವಧಿ ಕೂತಿರುವುದನ್ನು ನೋಡಿದಾಗ ಈ ಮಾತು ನೆನಪಾಗುತ್ತದೆ.

ಅವ್ವನ ನಂತರ ಬಂದ ಅಧ್ಯಕ್ಷೆ ಓದಿದವರು, ಒಳ್ಳೆಯವರು. ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಕೂರುತ್ತಿದ್ದವರು ಅವರ ಯಜಮಾನರು. ಆಡಳಿತ ಮಂಡಳಿ ಸಭೆಗೆ ಹೆಂಡತಿಯ ಜೊತೆ ಬಂದು, ಮೊದಲು ಬಾಗಿಲ ಬಳಿ, ಆಮೇಲೆ ಬೆಂಚಿನ ಮೇಲೆ, ಕೊನೆಗೆ ಕುರ್ಚಿಯ ಮೇಲೆ. ನಿರ್ದೇಶಕಿಯರೆಲ್ಲ ಸೆರಗು ಹೊದ್ದು ಕೂರುವ ಹಾಗಾಯಿತು. ಅವರಲ್ಲಿ ಹೆಚ್ಚಿನವರಿಗೆ ಆತ ಭಾವನೋ ಮಾವನೋ ಆಗಬೇಕು. ನೆಂಟಸ್ತಿಕೆಯ ಮರ್ಯಾದೆಗೆ ಬಾಯಿ ಕಟ್ಟಿತು. ಇಂಥವರ ಮುಂದೆ ‘ಹಿಂಡಿ ಮೂಟೆಯ ಬಿಲ್ಲು ಯಾಕೆ ಹೆಚ್ಚಾಯಿತು?’ ಎಂದು ಯಾವ ಹೆಂಗಸು ಕೇಳುತ್ತಾಳೆ?

ಅಷ್ಟು ಹೊತ್ತಿಗೆ ಎಲೆಕ್ಟ್ರಾನಿಕ್ ಯಂತ್ರ ಬಂದಿತ್ತು. ಹಾಲಿಟ್ಟರೆ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಅಂಕಿಯಾಗಿ ಬರುತ್ತದೆ. ಅದು ಹಾಲು ಹಾಕುವವರ ಕಡೆ ಮುಖ ಮಾಡಿರಬೇಕು. ಯಜಮಾನರು ‘ಗಲಾಟೆ ಬೇಡ’ ಎಂದು ಅದನ್ನು ಗೋಡೆಯ ಕಡೆ ತಿರುಗಿಸಿಡಿಸಿದರು. ಚೀಟಿ ಕೊಡುವುದು ನಿಂತಿತು. ಬಟವಾಡೆಯ ದಿನ ಲೆಕ್ಕ ಓದುವುದು ಹೊತ್ತು ಹಾಳುಮಾಡುವ ಕೆಲಸ ಎನಿಸಿಕೊಂಡಿತು. ವಾರ್ಷಿಕ ಸಾಮಾನ್ಯ ಸಭೆಯ ಹಾಜರಿ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂತು. ಸಭೆಗೆ ಬಾರದಿದ್ದರೆ ಮತದ ಹಕ್ಕು ಹೋಗುತ್ತದೆ ಎಂದು ಹೆದರಿಸಿದರೆ ಯಾರು ತಾನೇ ಸಹಿ ಹಾಕುವುದಿಲ್ಲ? ನಾನು ಎರಡು ಸಲ ಲಿಖಿತವಾಗಿ ಆಕ್ಷೇಪಿಸಿದೆ. ‘ನಿಮ್ಮ ಕೆಲಸ ಹಾಲು ಅಳೆಯೋದು, ಅಷ್ಟು ಮಾಡಿ ಸಾಕು’ ಎಂಬ ಉತ್ತರ ಬಂತು. ಕಾರ್ಯದರ್ಶಿಯನ್ನು ನೇಮಿಸುವುದು, ತೆಗೆಯುವುದು ಆಡಳಿತ ಮಂಡಳಿಯೇ. ಅವಳ ಸಂಬಳ ಸಂಘದ ಲಾಭದಂಶದಿಂದಲೇ ಬರಬೇಕು. ಒಕ್ಕೂಟದಿಂದ ಬರುವ ವಿಸ್ತರಣಾಧಿಕಾರಿ ಒಳ್ಳೆಯವರಾಗಿದ್ದರೂ ತಿಂಗಳಿಗೊಮ್ಮೆ ಬಂದು ಪುಸ್ತಕ ನೋಡಿ ಹೋಗುತ್ತಾರೆ.

ಜಗಳ ಆಗಲಿಲ್ಲ. ಯಾರೂ ಕೂಗಲಿಲ್ಲ. ಇದನ್ನು ಓದುಗರು ಗಮನಿಸಬೇಕು. ಹಿಂದೆ ಬರುವವರು ನಂಬಿಕೆ ಕಳೆದುಕೊಂಡಾಗ ಮೊದಲು ಕೂಗುವುದಿಲ್ಲ, ಸುಮ್ಮನಾಗುತ್ತಾರೆ. ಆಮೇಲೆ ಒಬ್ಬೊಬ್ಬರೇ ಹಾಲು ಕಡಿಮೆ ತರುತ್ತಾರೆ. ಬೆಳಗಿನ ಹಾಲು ಡೇರಿಗೆ, ಸಂಜೆಯ ಹಾಲು ಬೈಕಿನಲ್ಲಿ ಕ್ಯಾನು ಕಟ್ಟಿಕೊಂಡು ಬರುವ ಖಾಸಗಿಯವನಿಗೆ. ಅವನು ಮುಂಗಡ ಕೊಡುತ್ತಾನೆ, ಕಣ್ಣೆದುರೇ ಅಳೆಯುತ್ತಾನೆ. ಆಮೇಲೆ ಎರಡು ಹೊತ್ತೂ ಅವನಿಗೇ. ಆಗ ಸರ್ಕಾರ ಸಂಘಕ್ಕೆ ಹಾಕುವ ಹಾಲಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತಿತ್ತು. ಖಾಸಗಿಯವನಿಗೆ ಹಾಕಿದರೆ ಅದು ಕೈಬಿಟ್ಟುಹೋಗುತ್ತದೆ. ಹೆಂಗಸರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅಷ್ಟು ದುಡ್ಡು ಬಿಟ್ಟುಕೊಟ್ಟು ಹೊರಟುಹೋದರು. ಹಳ್ಳಿಯ ಬಡವರು ಲೀಟರಿಗೆ 5 ರೂಪಾಯಿ ಬಿಟ್ಟುಕೊಡಬೇಕಾದರೆ ಮನಸ್ಸು ಎಷ್ಟು ಮುರಿದಿರಬೇಕು ಎಂದು ಯೋಚಿಸಿ. ಮೇಲಿನವರು ಇದನ್ನು ಹಾಲಿನ ದರದ ಸಮಸ್ಯೆ ಎಂದು ಬರೆದುಕೊಂಡರು. ನಾನು ಹಾಗೆ ತಿಳಿಯುವುದಿಲ್ಲ.

ಏನೂ ಮಾಡದ ಅಧ್ಯಕ್ಷರನ್ನೂ ಕಂಡಿದ್ದೇನೆ. ‘ನೀನೇ ನೋಡ್ಕೊಳ್ಳಮ್ಮ’ ಎಂದು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟುಹೋಗುವವರು. ಇದನ್ನು ಕೆಲವರು ನಂಬಿಕೆ ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಸದಸ್ಯರಿಗೂ ಕಾರ್ಯದರ್ಶಿಗೂ ಮಾಡುವ ಅನ್ಯಾಯ. ಸಹಿ ಹಾಕಿದ ಖಾಲಿ ಚೆಕ್ಕನ್ನು ನಾನು ಒಮ್ಮೆಯೂ ಇಟ್ಟುಕೊಳ್ಳಲಿಲ್ಲ, ವಾಪಸ್ ಮನೆಗೆ ಹೋಗಿ ಕೊಟ್ಟುಬಂದೆ. ಎಲ್ಲ ಕಾರ್ಯದರ್ಶಿಗಳೂ ಹಾಗೆ ಇರುತ್ತಾರೆ ಎಂದು ಲೆಕ್ಕ ಹಾಕಿ ಸಂಘ ನಡೆಸಲಾಗದು.

ಈಗ ನಮ್ಮ ಹೆಂಗಸರಿಗೂ ಒಂದು ಮಾತು ಹೇಳಬೇಕು. ತಪ್ಪೆಲ್ಲ ಕುರ್ಚಿಯವರದೇ ಎಂದು ನಾನು ಹೇಳುತ್ತಿಲ್ಲ. ಚುನಾವಣೆ ಬಂದಾಗ ಅವಿರೋಧ ಆಯ್ಕೆ ಆಗಲಿ, ಊರಲ್ಲಿ ಮನಸ್ತಾಪ ಬೇಡ ಎಂದು ಎಲ್ಲರೂ ಒಪ್ಪಿಬಿಡುತ್ತೇವೆ. ಅವಿರೋಧ ಆಯ್ಕೆ ಎಷ್ಟೋ ಸಲ ಒಳ್ಳೆಯದೇ. ಆದರೆ ಊರ ಹಿರಿಯರು ದೇವಸ್ಥಾನದ ಕಟ್ಟೆಯಲ್ಲಿ ಕೂತು ಪಟ್ಟಿ ಮಾಡಿ, ಹೆಂಗಸರು ಆ ಪಟ್ಟಿಗೆ ಸಹಿ ಮಾತ್ರ ಹಾಕಿದರೆ ಅದು ಆಯ್ಕೆಯಲ್ಲ. ಬೋನಸ್ ಬಂದರೆ ಸಾಕು, ಲೆಕ್ಕ ಯಾರು ನೋಡುತ್ತಾರೆ ಎನ್ನುವವರೂ ನಮ್ಮಲ್ಲೇ ಇದ್ದಾರೆ. ಪ್ರಶ್ನೆ ಕೇಳಿದವಳನ್ನು ‘ಜಗಳಗಂಟಿ’ ಎಂದು ಮೊದಲು ಕರೆಯುವವರು ಅಧ್ಯಕ್ಷರಲ್ಲ, ಅವಳ ಪಕ್ಕದಲ್ಲಿ ನಿಂತವರು. ಒಬ್ಬಳು ಕೇಳಿದಾಗ ಇನ್ನಿಬ್ಬರು ‘ಹೌದು, ನಮಗೂ ತಿಳಿಯಬೇಕು’ ಎಂದು ದನಿಗೂಡಿಸಿದ್ದರೆ ಯಂತ್ರ ಗೋಡೆಯ ಕಡೆ ತಿರುಗುತ್ತಿರಲಿಲ್ಲ. ಒಳ್ಳೆಯ ನಾಯಕಿಯನ್ನು ಒಳ್ಳೆಯವಳಾಗಿ ಉಳಿಸುವುದೂ ಹಿಂದೆ ಇರುವವರ ಕೆಲಸವೇ. ಅವ್ವ ಎಷ್ಟು ನೇರವಂತರಾದರೂ, ಪಕ್ಕದಲ್ಲಿ ದಿನವೂ ಇಬ್ಬರು ಟೆಸ್ಟ್ ನೋಡಲು ಕೂರುತ್ತಿದ್ದರು ಎಂಬುದನ್ನು ನಾನು ಮರೆಯುವುದಿಲ್ಲ.

ಸಹಕಾರ ಇಲಾಖೆಯವರು, ಹಾಲು ಒಕ್ಕೂಟಗಳ ಅಧಿಕಾರಿಗಳು ತಮ್ಮ ಪತ್ರಿಕೆ ಓದುತ್ತಾರೆ. ಅವರಲ್ಲಿ ಕೆಲವು ವಿಷಯ ಕೇಳಿಕೊಳ್ಳುತ್ತೇನೆ.

ನಾಯಕತ್ವದ ತರಬೇತಿ ಎಂದರೆ ಅಧ್ಯಕ್ಷರನ್ನೂ ಕಾರ್ಯದರ್ಶಿಯನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಊಟ ಹಾಕಿ, ಬ್ಯಾಗು ಕೊಟ್ಟು ಕಳಿಸುವುದು ಎಂದಾಗಿದೆ. ಅದರ ಅರ್ಧ ಖರ್ಚನ್ನು ಸದಸ್ಯೆಯರಿಗೆ ಮಾಡಿ. ಡೇರಿಯಲ್ಲೇ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ, ಸಂಜೆ ಹಾಲು ಕರೆಯುವ ಮುಂಚೆ ಮುಗಿಯುವಂತೆ ಮಾಡಿ. ಫ್ಯಾಟು, ಎಸ್‌ಎನ್‌ಎಫ್ ನೋಡಿ ದರಪಟ್ಟಿಯಲ್ಲಿ ತನ್ನ ಹಾಲಿನ ಬೆಲೆ ಹುಡುಕುವುದು ಹೇಗೆ, ಜಮಾಖರ್ಚಿನ ಪಟ್ಟಿಯಲ್ಲಿ ಯಾವ ಸಾಲು ನೋಡಬೇಕು, ಸಾಮಾನ್ಯ ಸಭೆಯಲ್ಲಿ ಪ್ರಶ್ನೆ ಬರೆದು ಕೊಡುವುದು ಹೇಗೆ, ನಡವಳಿಯಲ್ಲಿ ತನ್ನ ಮಾತು ದಾಖಲಾಯಿತೇ ಎಂದು ನೋಡುವುದು ಹೇಗೆ ಎಂದು ಕಲಿಸಿ. ಓದು ಬಾರದವರೂ ಅಂಕಿ ಓದುತ್ತಾರೆ, ಮೊಬೈಲಿನಲ್ಲಿ ನಂಬರು ಒತ್ತುವವರು ಫ್ಯಾಟಿನ ಅಂಕಿ ಓದಲಾರರೇ?

ಮಹಿಳಾ ಸಂಘಗಳ ಆಡಳಿತ ಮಂಡಳಿ ಸಭೆಯಲ್ಲಿ ನಿರ್ದೇಶಕಿಯರು, ಕಾರ್ಯದರ್ಶಿ, ಇಲಾಖೆ ಅಥವಾ ಒಕ್ಕೂಟದ ಅಧಿಕಾರಿ ಬಿಟ್ಟು ಬೇರೆ ಯಾರೂ ಕೂರಕೂಡದು ಎಂದು ಲಿಖಿತ ಸೂಚನೆ ಹೊರಡಿಸಿ, ಅದನ್ನು ಡೇರಿಯ ಗೋಡೆಯ ಮೇಲೆ ಅಂಟಿಸಿ. ಬಾಗಿಲಲ್ಲಿ ‘ನೀವು ಹೊರಗಿರಿ ಭಾವ’ ಎಂದು ಹೇಳುವ ಹೊರೆಯನ್ನು ಒಬ್ಬ ಹೆಂಗಸಿನ ಮೇಲೆ ಹಾಕಬೇಡಿ. ಗೋಡೆಯ ಮೇಲಿನ ಕಾಗದ ತೋರಿಸಿದರೆ ಅವಳ ನೆಂಟಸ್ತಿಕೆಯೂ ಉಳಿಯುತ್ತದೆ, ಹಕ್ಕೂ ಉಳಿಯುತ್ತದೆ.

ಯಂತ್ರದ ಮುಖ ಹಾಲು ಹಾಕುವವರ ಕಡೆಗಿರಬೇಕು, ಪ್ರತಿ ಹೊತ್ತಿಗೂ ಚೀಟಿ ಕೊಡಬೇಕು. ವಿಸ್ತರಣಾಧಿಕಾರಿ ಬಂದಾಗ ಪುಸ್ತಕಕ್ಕಿಂತ ಮೊದಲು ಇದನ್ನು ನೋಡಲಿ. ಪುಸ್ತಕ ಯಾರು ಬೇಕಾದರೂ ಚೆನ್ನಾಗಿ ಬರೆಯುತ್ತಾರೆ.

ಕೊನೆಯದು ಕಾರ್ಯದರ್ಶಿಗಳ ವಿಷಯ. ಲೆಕ್ಕದಲ್ಲಿ ತಪ್ಪು ಕಂಡು ಲಿಖಿತವಾಗಿ ಹೇಳಿದ ಕಾರ್ಯದರ್ಶಿಯನ್ನು ಆಡಳಿತ ಮಂಡಳಿ ತೆಗೆದುಹಾಕುವ ಮುಂಚೆ ಒಕ್ಕೂಟದ ಅಧಿಕಾರಿ ಎದುರಲ್ಲಿ ಅವಳ ಮಾತು ಕೇಳುವ ಕಡ್ಡಾಯ ಇರಲಿ. ಅವಳಿಗೆ ಮೇಲೊಬ್ಬ ಅಧ್ಯಕ್ಷೆ, ಕೆಳಗೆ ನೂರಾರು ಮಾಲೀಕರು. ಇಬ್ಬರ ನಡುವೆ ನಿಂತವಳಿಗೆ ಬೆನ್ನಿಗೆ ಆಸರೆ ಇಲ್ಲದಿದ್ದರೆ ಅವಳು ನಿಧಾನವಾಗಿ ಕುರ್ಚಿಯ ಕಡೆಗೇ ವಾಲುತ್ತಾಳೆ. ಎಷ್ಟೋ ಜನ ಒಳ್ಳೆಯ ಹುಡುಗಿಯರು ಹಾಗೆ ವಾಲಿದ್ದನ್ನು ನೋಡಿ ಸಂಕಟಪಟ್ಟಿದ್ದೇನೆ.

ಸೆಪ್ಟೆಂಬರಿನಲ್ಲಿ ಊರೂರಿನ ಸಂಘಗಳಲ್ಲಿ ಸಾಮಾನ್ಯ ಸಭೆ ನಡೆಯುತ್ತದೆ. ಈ ವರ್ಷ ನಮ್ಮ ಊರಿನ ಆರೇಳು ಹೆಂಗಸರು ಸಹಿ ಪುಸ್ತಕ ಮನೆಗೆ ಬಂದರೆ ಸಹಿ ಹಾಕುವುದಿಲ್ಲ, ಸಭೆಗೇ ಬಂದು ಹಾಕುತ್ತೇವೆ ಎಂದು ಮಾತಾಡಿಕೊಂಡಿದ್ದಾರೆ. ಜಮಾಖರ್ಚಿನ ಪಟ್ಟಿಯನ್ನು ಮೊದಲೇ ಕೇಳಿ ಅರ್ಜಿ ಕೊಟ್ಟಿದ್ದಾರೆ. ಅರ್ಜಿ ಬರೆದುಕೊಟ್ಟವಳು ನಾನು, ಕೆಳಗೆ ಮೊದಲ ಸಹಿ ಹಿಂದೆ ಆಸಿಡ್ಡಿನ ಘಾಟಿನಲ್ಲಿ ಟೆಸ್ಟ್ ಕಲಿತಾಕೆಯದು. ಬೇರೆ ಊರಿನ ಅಕ್ಕತಂಗಿಯರು ಇದನ್ನು ಓದಿದರೆ ಅವರೂ ಕೊಡಲಿ ಎಂದು ಈ ಕಾಗದವನ್ನು ಪ್ರಕಟಿಸಬೇಕಾಗಿ ಕೋರುತ್ತೇನೆ.

ಇಂತಿ,
ನಿವೃತ್ತ ಕಾರ್ಯದರ್ಶಿ,
ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ,
ತುಮಕೂರು ಜಿಲ್ಲೆ